ಮದ್ದು, ಚಿತ್ತ, ಮರುಹುಟ್ಟು

ನನ್ನ ಅಜ್ಜಿ ಈವರೆಗೆ ಒಮ್ಮೆಯೂ ನನ್ನನ್ನು ಹೆಸರು ಹಿಡಿದು ಕರೆದವಳಲ್ಲ. ತೀರಿಕೊಂಡ ಅಜ್ಜನ ಹೆಸರನ್ನೇ ನನಗೆ ಇಟ್ಟಿದ್ದಾರೆ. ಗಂಡನ ಹೆಸರನ್ನು ಬಾಯಲ್ಲಿ ತರಬಾರದೆಂಬುದು ಅವಳ ಕಾಲದ ಹೆಂಗಸರ ನೇಮ. ಆದ್ದರಿಂದ ಅವಳಿಗೆ ನಾನು 'ಅಜ್ಜಯ್ಯ'. ಆದರೆ ಕಾರಣ ಅದೊಂದೇ ಅಲ್ಲ. ಅಜ್ಜ ಹೋದ ಮರುವರ್ಷ ನಾನು ಹುಟ್ಟಿದೆನಂತೆ. ಅವನೇ ತಿರುಗಿ ಬಂದನೆಂದು ಅವಳ ನಂಬಿಕೆ. ಬಳ್ಳಿಗಾವಿಯ ಸೀಮೆಯ ನಮ್ಮ ಹಳ್ಳಿಯಲ್ಲಿ ಇದು ಯಾರಿಗೂ ಸೋಜಿಗದ ಸಂಗತಿಯಲ್ಲ. ಕಾಲೇಜು ಸೇರುವವರೆಗೆ ನಾನೂ ಇದನ್ನೊಂದು ಪ್ರಶ್ನೆಯೆಂದು ಎಣಿಸಿರಲಿಲ್ಲ.

ಪ್ರಶ್ನೆಯಾದದ್ದು ಕಳೆದ ವರ್ಷ. ವಿದ್ಯಾರ್ಥಿನಿಲಯದ ನನ್ನ ಮಿತ್ರನೊಬ್ಬ ಯಾವುದೋ ಜಾತ್ರೆಗೆ ಹೋಗಿ, ಅಲ್ಲಿ ಸಾಧುಗಳ ಜೊತೆ ಕುಳಿತು ಗಾಂಜಾ ಸೇದಿ ಬಂದ. ಬಂದವನು ತನ್ನ ಪೂರ್ವಜನ್ಮವನ್ನು ಕಂಡೆನೆಂದೂ, ಯೋಗಿಗಳು ವರ್ಷಗಟ್ಟಲೆ ತಪಸ್ಸು ಮಾಡಿ ಕಾಣುವುದನ್ನು ತಾನು ಒಂದೇ ರಾತ್ರಿಯಲ್ಲಿ ಕಂಡೆನೆಂದೂ ಹೇಳತೊಡಗಿದ. ಅದು ಒಂದು ರಾತ್ರಿಗೆ ನಿಲ್ಲಲಿಲ್ಲ. ಆ ಸಲದ ಪರೀಕ್ಷೆಗೆ ಅವನು ಕೂಡಲಿಲ್ಲ. ನನ್ನ ಮನೆಯಲ್ಲಿ ಹೇಗೋ ಹಾಗೆಯೇ ಅವನ ಮನೆಯಲ್ಲಿಯೂ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲಿಗ. ನಾನು ಬುದ್ಧಿ ಹೇಳಹೋದಾಗ, "ಇದು ನಮ್ಮ ಪರಂಪರೆ ಮಾರಾಯ, ನಿನಗೆ ಗೊತ್ತಿಲ್ಲ" ಎಂದುಬಿಟ್ಟ. ನಿಜವಾಗಿಯೂ ನನಗೆ ಗೊತ್ತಿರಲಿಲ್ಲ. ಗ್ರಂಥಾಲಯದಲ್ಲಿ ಹುಡುಕಿದ್ದರ ಫಲ ಈ ಲೇಖನ. ತಪ್ಪುಗಳಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.

ಮಿತ್ರನ ವಾದ ಅವನ ಸ್ವಂತದ್ದಲ್ಲ. ಸ್ವಿಟ್ಜರ್ಲೆಂಡಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ನನು ೧೯೩೮ರಲ್ಲಿ ತಯಾರಿಸಿದ ಎಲ್.ಎಸ್.ಡಿ. ಎಂಬ ದ್ರವ್ಯವು ಚಿತ್ತವನ್ನು ತಲೆಕೆಳಗು ಮಾಡುವುದೆಂದು ೧೯೪೩ರಲ್ಲಿ ತನ್ನ ಮೈಮೇಲೆಯೇ ಕಂಡುಕೊಂಡ. ಇಂಥ ದ್ರವ್ಯಗಳಿಗೆ ಮುಂದೆ 'ಸೈಕೆಡೆಲಿಕ್' ಎಂಬ ಹೆಸರು ಬಂದಿತು. ಕಾದಂಬರಿಕಾರ ಆಲ್ಡಸ್ ಹಕ್ಸ್‌ಲಿ ಮೆಸ್ಕಲೀನ್ ಸೇವಿಸಿ ತನಗಾದ ಅನುಭವವನ್ನು ೧೯೫೪ರಲ್ಲಿ ಪುಸ್ತಕವಾಗಿ ಬರೆದ. ೧೯೬೪ರಲ್ಲಿ ಅಮೆರಿಕದ ತಿಮೊಥಿ ಲಿಯರಿ ಮೊದಲಾದ ಮೂವರು, ಸಾವಿನಿಂದ ಮರುಹುಟ್ಟಿನವರೆಗಿನ ದಾರಿಯನ್ನು ಹೇಳುವ ಟಿಬೆಟಿನ 'ಬಾರ್ದೊ ಥೋದೊಲ್' ಗ್ರಂಥವನ್ನೇ ಇಂಥ ಮದ್ದು ಸೇವಿಸುವವರ ಕೈಪಿಡಿಯನ್ನಾಗಿ ಮಾರ್ಪಡಿಸಿದರು. ಆ ಮೂವರಲ್ಲಿ ಒಬ್ಬನಾದ ರಿಚರ್ಡ್ ಆಲ್ಪರ್ಟ್ ೧೯೬೭ರಲ್ಲಿ ಭಾರತಕ್ಕೆ ಬಂದು, ನೀಮ್ ಕರೋಲಿ ಬಾಬಾ ಅವರ ಶಿಷ್ಯನಾಗಿ ರಾಮದಾಸ ಎಂಬ ಹೆಸರು ಪಡೆದ. ಮರುವರ್ಷವೇ ಗಾರ್ಡನ್ ವಾಸನ್ ಎಂಬಾತನು ಋಗ್ವೇದದ ಸೋಮವೆಂದರೆ ಒಂದು ಜಾತಿಯ ಕೆಂಪು ಅಣಬೆಯೆಂದು ವಾದಿಸಿದ. ವಿದ್ವಾಂಸರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ನಮ್ಮ ನಾಡಿನಲ್ಲಿಯೂ ಯಾದಗಿರಿ ಜಿಲ್ಲೆಯ ತಿಂಥಿಣಿ ಮೌನೇಶ್ವರನ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಸೇದುವ ವಾಡಿಕೆಯ ಬಗ್ಗೆ ೨೦೨೦ರಲ್ಲಿ ಪತ್ರಿಕೆಗಳು ಬರೆದವು. (ಗಾಂಜಾ ಎಲ್.ಎಸ್.ಡಿ.ಯಂಥದಲ್ಲ, ಮಿದುಳಿನಲ್ಲಿ ಅದು ಕೆಲಸ ಮಾಡುವ ಬಗೆಯೇ ಬೇರೆ. ೧೯೮೫ರ ಕಾಯಿದೆಯ ಪ್ರಕಾರ ಅದನ್ನು ಇಟ್ಟುಕೊಳ್ಳುವುದೂ ಅಪರಾಧವೆಂಬುದನ್ನು ಮಿತ್ರನು ಮರೆತಿದ್ದ.) ಹೊರಗಿನವರು ನಮ್ಮಿಂದ ಒಯ್ದ ಮಾತನ್ನು ತಮ್ಮ ಮದ್ದಿಗೆ ಬೆರೆಸಿದರು; ಆ ಬೆರಕೆಯನ್ನು ನಾವು ಈಗ ನಮ್ಮ ಪರಂಪರೆಯೆಂದು ಕೊಂಡುಕೊಳ್ಳುತ್ತಿದ್ದೇವೆ.

ಹಾಗಾದರೆ ಇಲ್ಲಿಯವರು ಏನು ಹೇಳಿದ್ದರು? ಉತ್ತರಕ್ಕೆ ನಾನು ಬಹಳ ದೂರ ಹೋಗಬೇಕಾಗಲಿಲ್ಲ. ಇಂದು ಶಿಕಾರಿಪುರ ತಾಲ್ಲೂಕಿನ ಸಣ್ಣ ಊರಾದ ಬಳ್ಳಿಗಾವಿ, ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿತ್ತು. ಅಲ್ಲಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಕಾಳಾಮುಖ ಶೈವರದು. ಬಿಜ್ಜಳನ ಕಾಲದ ೧೧೬೨ರ ಶಾಸನವೊಂದು ಆ ಮಠವನ್ನು ಬಣ್ಣಿಸುತ್ತದೆ. ಅಲ್ಲಿ ವೇದಗಳು, ಹಲವು ವ್ಯಾಕರಣಗಳು, ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ ಇವುಗಳ ಜೊತೆಗೆ ಬೌದ್ಧ ದರ್ಶನದ ವ್ಯಾಖ್ಯಾನವೂ ನಡೆಯುತ್ತಿತ್ತು. ಲಾಕುಳ ಸಿದ್ಧಾಂತವಿತ್ತು, ಪತಂಜಲಿಯ ಯೋಗಶಾಸ್ತ್ರವಿತ್ತು. ಕುರುಡರಿಗೆ, ಕುಂಟರಿಗೆ, ಹಾಡುವವರಿಗೆ, ಕ್ಷಪಣಕರಿಗೆ ಕೂಡ ಅನ್ನ ಸಿಗುತ್ತಿತ್ತು. ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯಿತ್ತು. ಅದೇ ಊರಿನಲ್ಲಿ ಸುಮಾರು ೧೦೬೫ರಲ್ಲಿ ದಂಡನಾಯಕ ರೂಪಭಟ್ಟಯ್ಯ ಕಟ್ಟಿಸಿದ ಬೌದ್ಧ ವಿಹಾರದಲ್ಲಿ ತಾರಾ ಭಗವತಿಯ ಪೂಜೆ ನಡೆಯುತ್ತಿತ್ತು. ಜೈನ ಬಸದಿಗಳೂ ಇದ್ದವು. ಸತ್ತ ಮೇಲೆ ಮರಳಿ ಹುಟ್ಟುವವನು ಯಾರು ಎಂದು ಕೇಳುವವನಿಗೆ ಒಂದೇ ಊರಿನಲ್ಲಿ ಮೂರು ಬಾಗಿಲುಗಳಲ್ಲಿ ಮೂರು ಉತ್ತರ ಸಿಗುತ್ತಿತ್ತು.

ಈ ಚರ್ಚೆಯನ್ನು ಓದುವಾಗ ನನ್ನನ್ನು ಬೆರಗುಗೊಳಿಸಿದ ಸಂಗತಿ ಇದು: ಚೈತನ್ಯವೆಂದರೇನು ಎಂಬ ವಾದದಲ್ಲಿ ಹೆಂಡದ ಅಮಲು ಮತ್ತೆ ಮತ್ತೆ ಉದಾಹರಣೆಯಾಗಿ ಬರುತ್ತದೆ. ಲೋಕಾಯತರ ವಾದ ಎಲ್ಲರಿಗೂ ಗೊತ್ತಿರುವುದೇ. ಧಾನ್ಯದಲ್ಲಿ ಅಮಲಿಲ್ಲ, ನೀರಿನಲ್ಲಿಲ್ಲ. ಕಿಣ್ವ ಸೇರಿ ಹುಳಿತರೆ ಮದಶಕ್ತಿ ಹುಟ್ಟುತ್ತದೆ. ಹಾಗೆಯೇ ಮಣ್ಣು, ನೀರು, ಬೆಂಕಿ, ಗಾಳಿ ಕೂಡಿದಾಗ ಅರಿವು ಹುಟ್ಟುತ್ತದೆ, ಕೂಟ ಒಡೆದಾಗ ಅಳಿಯುತ್ತದೆ. ಮರುಹುಟ್ಟಲು ಯಾರೂ ಉಳಿಯುವುದಿಲ್ಲ. (ನಮ್ಮ ವಿಜ್ಞಾನದ ಪಠ್ಯಗಳಲ್ಲಿ ಎನ್‌ಜೈಮಿಗೆ ಹೇಳುವ ಕಿಣ್ವ ಈ ಹಳೆಯ ಮಾತೇ.) ಜೈನರು ಅದೇ ಹೆಂಡವನ್ನು ತೆಗೆದುಕೊಂಡು ಬೇರೆ ಮಾತು ಹೇಳಿದರು. ಅರಿವು ಜೀವದ ಸ್ವಭಾವವೇ ಸರಿ. ಆದರೆ ರೂಪವಿಲ್ಲದ ಜೀವವನ್ನು ಜಡವಾದ ಕರ್ಮ ಹೇಗೆ ಮುಸುಕೀತು ಎಂದರೆ, ಜಡವಾದ ಮದ್ಯ ಬುದ್ಧಿಯನ್ನು ಮುಸುಕುವುದಿಲ್ಲವೇ? ಎಂಟು ಕರ್ಮಗಳಲ್ಲಿ ಮೋಹನೀಯಕ್ಕೆ ಅವರು ಕೊಟ್ಟ ಉಪಮಾನ ಮದ್ಯವೇ. ಬೌದ್ಧರಿಗೆ ಶಾಶ್ವತವಾದ ಆತ್ಮವಿಲ್ಲ. ಒಂದು ದೀಪದಿಂದ ಮತ್ತೊಂದು ಹೊತ್ತಿಕೊಳ್ಳುವಂತೆ ಕ್ಷಣಕ್ಷಣದ ವಿಜ್ಞಾನ ಮುಂದಕ್ಕೆ ಸಾಗುತ್ತದೆ. ಆ ಸಾಗುವಿಕೆಯನ್ನು ಎಚ್ಚರದಿಂದ ನೋಡುವುದೇ ಸಾಧನೆಯಾದ್ದರಿಂದ, ಎಚ್ಚರ ತಪ್ಪಿಸುವ ಮದ್ಯವನ್ನು ಐದನೆಯ ಶೀಲದಲ್ಲಿ ಬಿಡಿಸಿದರು. ಕಾಳಾಮುಖರಿಗೆ ಪ್ರಿಯವಾದ ನ್ಯಾಯ ವೈಶೇಷಿಕಗಳ ಉತ್ತರ ಇನ್ನೂ ವಿಚಿತ್ರ. ಆತ್ಮ ನಿತ್ಯ, ಆದರೆ ಅರಿವು ನಿತ್ಯವಲ್ಲ. ಆತ್ಮಕ್ಕೆ ಮನಸ್ಸಿನ ಸಂಯೋಗವಾದಾಗ ಹುಟ್ಟುವ ಗುಣ ಅದು. ಆಗತಾನೆ ಹುಟ್ಟಿದ ಕೂಸು ಯಾರೂ ಕಲಿಸದೆ ಮೊಲೆಹಾಲಿಗೆ ಬಾಯಿ ಹಾಕುವುದನ್ನು ನ್ಯಾಯಸೂತ್ರಗಳು ಹಿಂದಿನ ಜನ್ಮದ ಅಭ್ಯಾಸಕ್ಕೆ ಸಾಕ್ಷಿಯಾಗಿ ಹಿಡಿಯುತ್ತವೆ. ಕಣ್ಣಿಗೆ ಕಂಡ ದೃಶ್ಯವನ್ನಲ್ಲ, ಕೂಸಿನ ಹಸಿವನ್ನು!

ಹೀಗಿರುವಾಗ ಗಾಂಜಾದ ಹೊಗೆಯಲ್ಲಿ ಆತ್ಮವನ್ನು ಕಂಡೆನೆಂದು ನನ್ನ ಮಿತ್ರನು ಹೇಳಿದರೆ, ಲೋಕಾಯತನು ಅದೇ ಹೊಗೆಯನ್ನು ತೋರಿಸಿ, ಒಂದು ಸೊಪ್ಪಿಗೆ ಬದಲಾಗುವ ಅರಿವು ಸೊಪ್ಪಿನಂಥದೇ ವಸ್ತು ಎಂದುಬಿಡುತ್ತಾನೆ. ಎರಡು ಕಡೆಯವರಿಗೂ ಒಂದೇ ಸಾಕ್ಷಿ. ಅಂಥ ಸಾಕ್ಷಿಯಿಂದ ತೀರ್ಪು ಹೊರಡುವುದಿಲ್ಲ.

ಆದರೆ ಯೋಗಶಾಸ್ತ್ರವು ಮದ್ದನ್ನು ಅಲ್ಲಗಳೆಯುವುದಿಲ್ಲ. ಇದು ಮಿತ್ರನ ಪರವಾದ ಮಾತು, ಬಚ್ಚಿಡಬಾರದು. ಪತಂಜಲಿಯ ನಾಲ್ಕನೆಯ ಪಾದದ ಮೊದಲ ಸೂತ್ರವೇ ಸಿದ್ಧಿಗಳು ಐದು ಬಗೆಯಿಂದ ಬರುತ್ತವೆ ಎನ್ನುತ್ತದೆ: ಹುಟ್ಟಿನಿಂದ, ಔಷಧಿಯಿಂದ, ಮಂತ್ರದಿಂದ, ತಪಸ್ಸಿನಿಂದ, ಸಮಾಧಿಯಿಂದ. ವ್ಯಾಸನ ಭಾಷ್ಯ ಔಷಧಿಯೆಂಬಲ್ಲಿ ಅಸುರರ ಮನೆಗಳ ರಸಾಯನವನ್ನು ನೆನೆಯುತ್ತದೆ. ಮಿತ್ರನು ಈ ಒಂದು ಸೂತ್ರವನ್ನು ಎಲ್ಲಿಯೋ ಕೇಳಿ ಹಿಡಿದುಕೊಂಡಿದ್ದ. ಐದು ಸೂತ್ರ ದಾಟಿ ಆರನೆಯದಕ್ಕೆ ಬಂದರೆ, ಇವುಗಳಲ್ಲಿ ಧ್ಯಾನದಿಂದ ಹುಟ್ಟಿದ ಚಿತ್ತಕ್ಕೆ ಮಾತ್ರ ಆಶಯವಿಲ್ಲ ಎಂದಿದೆ. ಆಶಯವೆಂದರೆ ಕರ್ಮದ ಗಸಿ; ಮುಂದಿನ ಹುಟ್ಟು, ಆಯುಸ್ಸು, ಸುಖದುಃಖಗಳು ಮೊಳೆಯುವುದು ಅದರಿಂದ. ಮದ್ದಿನಿಂದ ಏನೋ ಕಾಣಬಹುದು, ಶಕ್ತಿಯೂ ಬರಬಹುದು, ಆದರೆ ಗಸಿ ಹಾಗೆಯೇ ಕುಳಿತಿರುತ್ತದೆ. ಪೂರ್ವಜನ್ಮದ ತಿಳಿವಿನ ಮಾತು ಬರುವುದು ಮೂರನೆಯ ಪಾದದಲ್ಲಿ. ಅಲ್ಲಿ ಹೇಳಿರುವುದು ತನ್ನ ಸಂಸ್ಕಾರಗಳನ್ನೇ ಸಂಯಮದಿಂದ ನೇರವಾಗಿ ಕಾಣಬೇಕೆಂದು. ಕೋಡಿಯ ಮಠದಲ್ಲಿ ಓದಿದ ಹುಡುಗನಿಗೆ ಈ ಎರಡು ಪಾದಗಳೂ ಗೊತ್ತಿದ್ದಿರಬೇಕು.

ಈ ಕಾಳಾಮುಖರ ಮೇಲೆಯೇ ಹೆಂಡದ ಮಡಕೆಯಿಟ್ಟು ದೇವರನ್ನು ಪೂಜಿಸುವವರೆಂಬ ಅಪವಾದವಿತ್ತು. ಯಾಮುನಾಚಾರ್ಯರೂ ರಾಮಾನುಜಾಚಾರ್ಯರೂ ಹಾಗೆ ಬರೆದಿದ್ದಾರೆ. ಇವರ ಕುರಿತು ೧೯೭೨ರಲ್ಲಿ ಗ್ರಂಥ ರಚಿಸಿದ ಡೇವಿಡ್ ಲೊರೆಂಜೆನ್ ಶಾಸನಗಳನ್ನೆಲ್ಲ ನೋಡಿ, ಅದು ಕಾಪಾಲಿಕರೊಡನೆ ಇವರನ್ನು ಬೆರೆಸಿದ್ದರ ಫಲವೆಂದು ತೋರಿಸಿದ್ದಾರೆ. ಶಾಸನಗಳ ಕಾಳಾಮುಖರು ಓದು, ಅನ್ನ, ವೈದ್ಯಗಳಲ್ಲಿ ಮುಳುಗಿದವರು.

ಬಳ್ಳಿಗಾವಿ ಎಂದೊಡನೆ ನೆನಪಾಗುವ ಅಲ್ಲಮಪ್ರಭುವಿನ ಕಥೆಯನ್ನು ಬಿಟ್ಟರೆ ಈ ವಿಚಾರ ಅರ್ಧವಾದೀತು. ಹರಿಹರನ ರಗಳೆಯ ಪ್ರಕಾರ ಅವನು ಇಲ್ಲಿಯ ಮದ್ದಳೆಗಾರ. ಪ್ರಿಯಳಾದ ಕಮಲತೆ ಜ್ವರದಿಂದ ಸತ್ತಾಗ ಹುಚ್ಚನಂತೆ ಅಲೆದ. ನೆಲದಲ್ಲಿ ಕಂಡ ಕಳಸವನ್ನು ಕೆದಕಿ, ಹುಗಿದುಹೋಗಿದ್ದ ಗುಡಿಯನ್ನು ಹೊಕ್ಕು, ಅಲ್ಲಿದ್ದ ಅನಿಮಿಷನ ಕೈಯಿಂದ ಲಿಂಗವನ್ನು ಪಡೆದ. ಚಾಮರಸನಿಗೆ ಈ ಕಥೆ ಒಪ್ಪಲಿಲ್ಲ. ಅವನ ಪ್ರಭುವಿಗೆ ನಮ್ಮಂತೆ ಹುಟ್ಟೂ ಇಲ್ಲ, ಮೋಹವೂ ಇಲ್ಲ. ಆ ಜಗಳ ಕವಿಗಳದು. ನನಗೆ ಬೇಕಾದದ್ದು ಗೋರಕ್ಷನ ಪ್ರಸಂಗ. ಸಿದ್ಧನಾದ ಗೋರಕ್ಷ ತನ್ನ ದೇಹವನ್ನು ವಜ್ರವಾಗಿಸಿಕೊಂಡಿದ್ದ. ದೇಹವನ್ನೇ ಅಮರವಾಗಿಸುವುದು ಸಿದ್ಧರ ರಸವಿದ್ಯೆಯ ಗುರಿ. ಸಾಯದವನಿಗೆ ಮರುಹುಟ್ಟಿನ ಭಯವೆಲ್ಲಿ? ಅಲ್ಲಮ ಕತ್ತಿಯಿಂದ ಹೊಡೆದಾಗ ಆ ಮೈ ಖಣಿಲೆಂದಿತು. ಬಳಿಕ ಗೋರಕ್ಷ ಹೊಡೆದಾಗ ಕತ್ತಿ ಬಯಲಲ್ಲಿ ಬೀಸಿದಂತೆ ಅಲ್ಲಮನನ್ನು ಹಾದುಹೋಯಿತು. ಗೋರಕ್ಷನ ಸಿದ್ಧಿ ಸುಳ್ಳೆಂದು ಕಥೆ ಹೇಳುವುದಿಲ್ಲ. ಮೈ ನಿಜವಾಗಿಯೂ ಗಟ್ಟಿಯಾಗಿತ್ತು, ಗಟ್ಟಿಯಾಗಿದ್ದರಿಂದಲೇ ಸದ್ದಾಯಿತು. ಮಿತ್ರನು 'ನಾನು ಕಂಡೆ, ನಾನು ಕಂಡೆ' ಎನ್ನುವಾಗಲೆಲ್ಲ ನನಗೆ ಆ ಸದ್ದು ಕೇಳುತ್ತಿತ್ತು.

ಈ ಕಾಲದ ವಿಜ್ಞಾನಿಗಳೂ ಸುಮ್ಮನಿಲ್ಲ. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ರೋಲಂಡ್ ಗ್ರಿಫಿತ್ಸ್ ಮತ್ತು ಸಂಗಡಿಗರು ೩೬ ಮಂದಿಗೆ ಅಣಬೆಯ ಸತ್ತ್ವವಾದ ಸಿಲೋಸಿಬಿನ್ ಕೊಟ್ಟು ೨೦೦೬ರಲ್ಲಿ ವರದಿ ಪ್ರಕಟಿಸಿದರು. ಎರಡು ತಿಂಗಳ ಬಳಿಕ ಕೇಳಿದಾಗ ಅವರಲ್ಲಿ ಮೂರರಲ್ಲಿ ಎರಡು ಪಾಲಿನವರು ಅದನ್ನು ತಮ್ಮ ಬಾಳಿನ ಅತ್ಯಂತ ಅರ್ಥಪೂರ್ಣವಾದ ಐದು ಅನುಭವಗಳಲ್ಲಿ ಒಂದೆಂದರು. ಆದರೆ ಅವರೆಲ್ಲ ಮೊದಲೇ ಪರೀಕ್ಷಿಸಿ ಆಯ್ದ ಆರೋಗ್ಯವಂತರು, ಪಕ್ಕದಲ್ಲಿ ದಿನವಿಡೀ ಕಾವಲಿದ್ದವರು ಇದ್ದರು. ಅನುಭವ ಎಷ್ಟು ದೊಡ್ಡದೆಂದು ಅದರಿಂದ ತಿಳಿದೀತು. ಕಂಡದ್ದು ದಿಟವೇ ಎಂಬುದು ಬೇರೆ ವಿಚಾರ. ಮರುಜನ್ಮವನ್ನು ನೇರವಾಗಿ ಕೆದಕಿದವರು ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್; ಅವರೊಡನೆ ನಮ್ಮ ಬೆಂಗಳೂರಿನ ನಿಮ್ಹಾನ್ಸಿನ ಸತ್ವಂತ್ ಪಸ್ರೀಚಾ ಕೂಡ ದುಡಿದರು. ಹಿಂದಿನ ಜನ್ಮದ ಮಾತಾಡುವ ಮಕ್ಕಳನ್ನು ಹುಡುಕಿ, ಎರಡೂ ಮನೆಯವರನ್ನು ಕಂಡು, ಹೇಳಿಕೆಗಳನ್ನು ತಾಳೆ ನೋಡುವುದು ಅವರ ಕ್ರಮ. ಮರುಹುಟ್ಟನ್ನು ನಂಬುವ ಊರುಗಳಲ್ಲೇ ಇಂಥ ಮಕ್ಕಳು ಹೆಚ್ಚು ಸಿಗುತ್ತಾರೆಂಬ ಆಕ್ಷೇಪ ಅದಕ್ಕಿದೆ.

ಅವರ ಅಳತೆಗೆ ನಾನು ಸಿಗುವುದಿಲ್ಲ. ಅಜ್ಜನ ಒಂದು ನೆನಪೂ ನನ್ನಲ್ಲಿಲ್ಲ. ಇದನ್ನು ದೀಪಾವಳಿಯ ರಜೆಯಲ್ಲಿ ಅಜ್ಜಿಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತ, "ನಿಂಗ್ಯಾಕೆ ನೆನಪಿರ್ಬೇಕು? ನಂಗೈತಲ್ಲ" ಅಂದಳು. ನ್ಯಾಯಸೂತ್ರದಲ್ಲಿ ಇದಕ್ಕೆ ಉತ್ತರವನ್ನು ನಾನು ಹುಡುಕಲಿಲ್ಲ.

ಮೊನ್ನೆ ಮಿತ್ರನನ್ನು ಬಳ್ಳಿಗಾವಿಗೆ ಕರೆದುಕೊಂಡು ಹೋಗಿದ್ದೆ. ಕೇದಾರೇಶ್ವರನ ಜಗುಲಿಯ ಮೇಲೆ ಕುಳಿತು ನಾಲ್ಕನೆಯ ಪಾದದ ಆರನೆಯ ಸೂತ್ರವನ್ನು ಬರೆದುಕೊಂಡಿದ್ದ ಚೀಟಿಯಿಂದ ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದವನು ಕೊನೆಗೆ, "ಧ್ಯಾನದಿಂದ ಹುಟ್ಟಿದ ಚಿತ್ತವೂ ಇದೇ ಮಿದುಳಿನಲ್ಲಿ ತಾನೇ ಹುಟ್ಟಬೇಕು? ಅದಕ್ಕೊಂದು ನ್ಯಾಯ, ಸೊಪ್ಪಿಗೊಂದು ನ್ಯಾಯವೇ?" ಎಂದು ಕೇಳಿದ. ನಾನು ತಡವರಿಸಿದೆ. ಈ ಪ್ರಶ್ನೆಯನ್ನು ನಮ್ಮ ಅಧ್ಯಾಪಕರ ಮುಂದಿಡಬೇಕೆಂದು ಬಸ್ಸಿನಲ್ಲಿ ಇಬ್ಬರೂ ಮಾತಾಡಿಕೊಂಡೆವು. ಈ ಸಲ ಪರೀಕ್ಷೆಗೆ ಅವನು ಅರ್ಜಿ ಹಾಕಿದ್ದಾನೆ.