ಸೀರೆಯಂಚಿನಿಂದ ಚಿತ್ರಶಾಲೆಗೆ

ಮದುವೆಯ ಜವಳಿಗಾಗಿ ನಾವೆಲ್ಲರೂ ಚಿಕ್ಕಪೇಟೆಗೆ ಹೋಗಿದ್ದೆವು. ಅಂಗಡಿಯವರು ಬಿಳಿಯ ಹಾಸಿನ ಮೇಲೆ ಒಂದಾದಮೇಲೊಂದರಂತೆ ಸೀರೆಗಳನ್ನು ಬಿಚ್ಚಿ ಹರಡುತ್ತಿರಲು, ನಮ್ಮ ಸೋದರತ್ತೆಯವರು ಅಂಚು ಒಡಲಿಗೆ ಹೊಂದುವುದೆ, ಮಾವಿನಕಾಯಿಯ ಬುಟ್ಟಾ ದಟ್ಟವಾಯಿತೆ ಎಂದು ಪರೀಕ್ಷಿಸಿ, ಬಣ್ಣದ ನಿಜವನ್ನರಿಯಲು ಸೆರಗನ್ನು ಬಾಗಿಲ ಬೆಳಕಿಗೆ ಹಿಡಿದರು. ಆದರೆ ಅಂದೇ ಅಪರಾಹ್ನ ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕೆ ಕರೆದಾಗ, “ಚಿತ್ರದ ವಿಷಯ ನನಗೇನು ತಿಳಿದೀತು? ನೀವು ಹೋಗಿಬನ್ನಿ” ಎಂದು ಹಿಂದೆಗೆದರು.

ಬಲವಂತದಿಂದಲೇ ಕರೆದೊಯ್ದೆವು. 1954ರಲ್ಲಿ ದೆಹಲಿಯಲ್ಲಿ ಸ್ಥಾಪಿತವಾದ ಈ ಸಂಸ್ಥೆಯ ಬೆಂಗಳೂರು ಶಾಖೆಯು ಮಾಣಿಕ್ಯವೇಲು ಭವನವೆಂಬ ಹಳೆಯ ಬಂಗಲೆಯಲ್ಲಿ 2009ರಲ್ಲಿ ತೆರೆಯಿತು. ಅಲ್ಲಿ ಜಾಮಿನಿ ರಾಯರ ಚಿತ್ರವೊಂದರ ಮುಂದೆ ಅತ್ತೆಯವರು ತಾವಾಗಿ ನಿಂತರು. ಕಲ್ಕತ್ತೆಯ ಕಲಾಶಾಲೆಯಲ್ಲಿ ಪಾಶ್ಚಾತ್ಯ ರೀತಿಯನ್ನು ಕಲಿತಿದ್ದ ರಾಯರು ಅದನ್ನು ತೊರೆದು, ಬಂಗಾಳದ ಪಟಚಿತ್ರಕಾರರ ದಿಟ್ಟ ರೇಖೆಯನ್ನೂ ದೇಶೀಯ ಬಣ್ಣಗಳನ್ನೂ ಆಶ್ರಯಿಸಿದವರು. ಅತ್ತೆಯವರಿಗೆ ಇದಾವುದೂ ತಿಳಿಯದು. ಬಹಳ ಹೊತ್ತು ನೋಡಿ, “ಬಣ್ಣ ನಾಲ್ಕೈದೇ, ಆದರೂ ಒಂದನ್ನೊಂದು ನುಂಗಿಲ್ಲ. ಅಂಚಿಗೂ ಒಡಲಿಗೂ ಜಗಳವಿಲ್ಲ” ಎಂದರು. ಪಂಡಿತರು ಇದಕ್ಕಿಂತ ಹೆಚ್ಚೇನು ಹೇಳಿಯಾರು?

ಅಂಗಡಿಯಲ್ಲಿ ಬಳಸಿದ ಕಣ್ಣೇ ಇಲ್ಲಿಯೂ ಸಾಕಾಯಿತು. ಸಾರ್ವಜನಿಕರೆಲ್ಲರಿಗೂ ಸೇರಿದ ಸೊತ್ತನ್ನು ನಮ್ಮದಲ್ಲವೆಂದು ನಾವೇ ದೂರವಿಟ್ಟಿರುವುದು ವ್ಯಸನಕರ. ಚಿತ್ರಶಾಲೆಗೆ ಹೋಗುವ ಗೃಹಸ್ಥರು ಎಲ್ಲವನ್ನೂ ನೋಡಿ ಮುಗಿಸುವ ಆತುರವನ್ನು ಬಿಟ್ಟು, ಸೀರೆಯನ್ನಾರಿಸುವ ತಾಳ್ಮೆಯಿಂದ ಎರಡು ಮೂರು ಚಿತ್ರಗಳ ಮುಂದೆ ನಿಲ್ಲಲಿ; ಮನೆಯ ಹಿರಿಯರನ್ನು ಮರೆಯದೆ ಕರೆದೊಯ್ಯಲಿ. ಸೋಮವಾರ ಅಲ್ಲಿ ರಜ.