ದಿನಕ್ಕೆ ಒಂಬತ್ತು ಕ್ಯಾನ್

20 ಲೀಟರಿನ ನೀರಿನ ಕ್ಯಾನ್ ಹೊತ್ತು ಮಹಡಿ ಹತ್ತಿದವರಿಗೆ ಅದರ ಭಾರ ಗೊತ್ತು. ಅಂಥ 9 ಕ್ಯಾನ್‌ಗಳಷ್ಟು, ಅಂದರೆ ಸುಮಾರು 180 ಲೀಟರ್ ದ್ರವವನ್ನು ನಮ್ಮ ಎರಡು ಮೂತ್ರಪಿಂಡಗಳು ದಿನಾ ರಕ್ತದಿಂದ ಸೋಸುತ್ತವೆ. ಒಂದೊಂದರ ತೂಕ 150 ಗ್ರಾಂ ಆಸುಪಾಸು. ಮೈತೂಕದ ಶೇ. 1ರಷ್ಟೂ ಇಲ್ಲದ ಈ ಜೋಡಿಗೆ ಹೃದಯ ತಾನು ಹೊಮ್ಮಿಸುವ ರಕ್ತದ ಶೇ. 20ರಿಂದ 25 ಪಾಲನ್ನು ಕೊಡುತ್ತದೆ.

ಸೋಸುವುದಷ್ಟೇ ಆಗಿದ್ದರೆ ದೊಡ್ಡ ಮಾತಲ್ಲ. ಒಂದೊಂದು ಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳು. ಅವುಗಳ ಜರಡಿಯಲ್ಲಿ ನಿಮಿಷಕ್ಕೆ 125 ಮಿಲಿ, ಒಂದು ಲೋಟ ಕಾಫಿಯಷ್ಟು, ಇಳಿಯುತ್ತದೆ. ಅದರ ಜೊತೆಗೆ ದೇಹಕ್ಕೆ ಬೇಕಾದದ್ದೂ ಹೋಗಿರುತ್ತದೆ: ದಿನಕ್ಕೆ ಸುಮಾರು ಒಂದೂವರೆ ಕಿಲೋ ಉಪ್ಪು, 180 ಗ್ರಾಂ ಗ್ಲೂಕೋಸ್. ಇವನ್ನು ಹೆಕ್ಕಿ ಮರಳಿ ರಕ್ತಕ್ಕೆ ಸೇರಿಸುವುದರಲ್ಲೇ ಕಿಡ್ನಿಯ ದುಡಿಮೆಯ ಬಹುಪಾಲು ಇದೆ. ಗ್ಲೂಕೋಸ್ ಹೆಚ್ಚೂಕಡಿಮೆ ಪೂರ್ತಿ, ನೀರು ಮತ್ತು ಉಪ್ಪು ಶೇ. 99ರಷ್ಟು ವಾಪಸ್. ಉಳಿದ ಒಂದೂವರೆ ಲೀಟರ್, ಯೂರಿಯಾದಂಥ ಕಶ್ಮಲ ಹೊತ್ತು ಮೂತ್ರಕೋಶಕ್ಕೆ ಇಳಿಯುತ್ತದೆ.

ಈ ದುಡಿಮೆ ನಿಂತಾಗ ಅದರ ಬೆಲೆ ತಿಳಿಯುತ್ತದೆ. ಡಯಾಲಿಸಿಸ್ ಯಂತ್ರದಲ್ಲಿ ಸಾಮಾನ್ಯವಾಗಿ ರಕ್ತ ಶುದ್ಧಿಗೆಂದು ನಿಮಿಷಕ್ಕೆ 500 ಮಿಲಿ ದ್ರವ ಹರಿಯುತ್ತದೆ; 4 ಗಂಟೆಗೆ 120 ಲೀಟರ್. ವಾರಕ್ಕೆ 3 ಸಲದಂತೆ ವರ್ಷಕ್ಕೆ 156 ಸಲ, ಒಟ್ಟು 18,720 ಲೀಟರ್. ಬೆಂಗಳೂರಿನ ಬೀದಿಗೆ ಬರುವ 6,000 ಲೀಟರಿನ ಟ್ಯಾಂಕರ್ ಮೂರಕ್ಕೂ ಹೆಚ್ಚು, ಒಬ್ಬರಿಗೆ. ಇಷ್ಟಾದರೂ ಯಂತ್ರ ದುಡಿಯುವುದು ವಾರದ 168 ಗಂಟೆಗಳಲ್ಲಿ 12 ಗಂಟೆ ಮಾತ್ರ.

2016ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಡಯಾಲಿಸಿಸ್ ಯೋಜನೆ ತಂದಿತು. ದೊಡ್ಡ ಉಪಕಾರವೇ ಸರಿ. ಆದರೆ ಕೂಲಿಯವರ ಲೆಕ್ಕ ಬೇರೆ. ವಾರದ 6 ದಿನಗಳ ಕೂಲಿಯಲ್ಲಿ 3 ಹೋಯಿತು; ಜೊತೆಗೆ ಬಂದವರದೂ 3.

ಡಯಾಲಿಸಿಸ್‌ಗೆ ಹೋಗುತ್ತಿದ್ದ ನನ್ನ ಸೋದರಮಾವನಿಗೆ, ಕುಡಿಯುವುದೆಲ್ಲ ಸೇರಿ ದಿನಕ್ಕೆ ಒಂದು ಲೀಟರ್ ಮೀರಬಾರದು ಎಂದು ವೈದ್ಯರು ಹೇಳಿದ್ದರು. ಬೆಳಿಗ್ಗೆ ಲೀಟರ್ ಬಾಟಲಿ ತುಂಬಿಸಿ ಕಿಟಕಿಯಲ್ಲಿ ಇಡುತ್ತಿದ್ದರು. ಅರ್ಧ ಲೋಟ ಮಜ್ಜಿಗೆ ಕುಡಿದರೆ, ಅಷ್ಟು ನೀರನ್ನು ಬಾಟಲಿಯಿಂದ ತುಳಸಿ ಗಿಡಕ್ಕೆ ಸುರಿಯುತ್ತಿದ್ದರು. ಸಾರು ಬಡಿಸಿಕೊಂಡ ದಿನ ತುಳಸಿಗೆ ಇನ್ನಷ್ಟು.

ಕಿಡ್ನಿ ನೋವಿನಿಂದ ಸುಳಿವು ಕೊಡುವುದು ಅಪರೂಪ. ರಕ್ತದಲ್ಲಿ ಕ್ರಿಯಾಟಿನಿನ್ ಎಂಬ ಕಶ್ಮಲ ಏರಿದ್ದು ಕಾಣುವ ಹೊತ್ತಿಗೆ ಸೋಸುವ ಶಕ್ತಿ ಅರ್ಧಕ್ಕೆ ಇಳಿದಿರಬಹುದು. ಸಕ್ಕರೆ ಕಾಯಿಲೆಯೋ ಬಿಪಿಯೋ ಇದ್ದವರು ಕ್ರಿಯಾಟಿನಿನ್ ಜೊತೆಗೆ ಮೂತ್ರದ ಅಲ್ಬುಮಿನ್ ಪರೀಕ್ಷೆಯನ್ನೂ ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಿಕೊಳ್ಳಿ.