ಒಡೆದ ಫೋಲ್ಡರ್, ಸತ್ತ ಬೋರ್ಡ್ ಮತ್ತು ಬೀದಿ ಕೊನೆಯ ಅಂಗಡಿ

‘ಡಿಸ್‌ಪ್ಲೇ ಹೋಗಿದೆ ಅಣ್ಣಾ, ಎಷ್ಟಾಗುತ್ತೆ?’

ಈ ಪ್ರಶ್ನೆಗೆ ಮೊಬೈಲ್ ಅಂಗಡಿಯಲ್ಲಿ ನೇರ ಉತ್ತರ ಸಿಗುವುದು ಅಪರೂಪ. ‘ಒರಿಜಿನಲ್ ಹಾಕ್ಲಾ, ಕಾಪಿ ಸಾಕಾ?’ ಎಂಬ ಮರುಪ್ರಶ್ನೆ ಮೊದಲು ಬರುತ್ತದೆ. ಗಾಜು, ಟಚ್, ಡಿಸ್‌ಪ್ಲೇ ಮೂರೂ ಅಂಟಿಕೊಂಡಿರುವ ಫೋಲ್ಡರ್ ಮಾರುಕಟ್ಟೆಯಲ್ಲಿ ಹಲವು ದರ್ಜೆಗಳಲ್ಲಿ ಬರುತ್ತದೆ. ಕಂಪನಿಯದೇ ‘ಸರ್ವೀಸ್ ಪ್ಯಾಕ್’ ತುಟ್ಟಿ. ಅಮೊಲೆಡ್ ಇದ್ದ ಫೋನಿಗೆ ಎಲ್‌ಸಿಡಿ ಕಾಪಿ ಹಾಕಿದರೆ ಖರ್ಚು ಬಹಳ ಇಳಿಯುತ್ತದೆ. ಆದರೆ ಅಚ್ಚಗಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ, ಡಿಸ್‌ಪ್ಲೇ ಮೇಲೆಯೇ ಬೆರಳಿಟ್ಟು ಲಾಕ್ ತೆಗೆಯುವ ಸೌಲಭ್ಯವೂ ಹೋಗುತ್ತದೆ. ಪರದೆಯ ಕೆಳಗಿನ ಸೆನ್ಸರ್‌ಗೆ ಬೆರಳು ಕಾಣಬೇಕಲ್ಲ. ಎಲ್‌ಸಿಡಿಯ ಹಿಂದಿರುವ ಬ್ಯಾಕ್‌ಲೈಟ್ ಪದರ ಅದಕ್ಕೆ ಅಡ್ಡ ಕೂರುತ್ತದೆ. ಇದನ್ನು ದುಡ್ಡು ಇಸಿದುಕೊಳ್ಳುವ ಮೊದಲೇ ಹೇಳುವವನು ಒಳ್ಳೆಯ ಅಂಗಡಿಯವನು. ಹೇಳದೆ ಹಾಕಿ ಕಳಿಸುವವರೂ ಇದ್ದಾರೆ.

ಈ ಅಂಗಡಿಗಳು ಆಕಾಶದಿಂದ ಉದುರಿದವಲ್ಲ. ಎಷ್ಟೋ ಕಡೆ ಎಸ್‌ಟಿಡಿ ಬೂತ್ ಇದ್ದ ಜಾಗದಲ್ಲೇ ರೀಚಾರ್ಜ್ ಕೂಪನ್ ಮಾರಾಟ ಶುರುವಾಯಿತು, ಆಮೇಲೆ ಮೆಮೊರಿ ಕಾರ್ಡ್‌ಗೆ ಹಾಡು ತುಂಬಿಸಿಕೊಡುವ ವ್ಯಾಪಾರ ಸೇರಿಕೊಂಡಿತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಹಾಡು ತುಂಬಿಸಿಕೊಳ್ಳುವವರೇ ಇಲ್ಲವಾದರು. ಯುಪಿಐ ಬಂದು ರೀಚಾರ್ಜೂ ಮನೆಯಿಂದಲೇ ಆಗತೊಡಗಿತು. ಅಂಗಡಿಗೆ ಉಳಿದದ್ದು ಕವರ್, ಟೆಂಪರ್ಡ್ ಗ್ಲಾಸು, ಹಳೆ ಫೋನಿನ ಕೊಡು-ಕೊಳ್ಳುವಿಕೆ, ಮತ್ತು ರಿಪೇರಿ.

ನಿಜವಾದ ಕಸುಬು ಇರುವುದು ಆ ಕೊನೆಯದರಲ್ಲಿ. ನೀರಿಗೆ ಬಿದ್ದ ಫೋನನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಅದನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಾರೆ. ಹಾಗೆ ಮಾಡಬೇಡಿ, ಅಕ್ಕಿಯ ಸಣ್ಣ ಕಣಗಳು ಫೋನನ್ನು ಹಾಳುಮಾಡಬಹುದು ಎಂದು ಆ್ಯಪಲ್ ಕಂಪನಿಯೇ 2024ರಲ್ಲಿ ತನ್ನ ಸೂಚನೆಯಲ್ಲಿ ಹೇಳಿತು. ಅಕ್ಕಿಯಲ್ಲಿ ಇಟ್ಟಷ್ಟು ಹೊತ್ತೂ ಒಳಗೆ ಉಳಿದ ನೀರು ಬೋರ್ಡನ್ನು ತಿನ್ನುತ್ತಲೇ ಇರುತ್ತದೆ. ಸ್ವಿಚ್ ಆಫ್ ಮಾಡಿ, ಚಾರ್ಜಿಗೆ ಹಾಕದೆ, ನೇರ ಅಂಗಡಿಗೆ ಒಯ್ದರೆ ಉಳಿಯುವ ಸಾಧ್ಯತೆ ಹೆಚ್ಚು.

ಅಂಗಡಿಯಲ್ಲಿ ಹೀಟ್ ಗನ್ನಿನ ಬಿಸಿಗಾಳಿಗೆ ಅಂಟು ಸಡಿಲಿಸಿ, ಹಿಂಬದಿ ಬಿಚ್ಚಿ, ಎಲ್ಲಕ್ಕಿಂತ ಮೊದಲು ಬ್ಯಾಟರಿ ಕನೆಕ್ಷನ್ ತಪ್ಪಿಸುತ್ತಾರೆ. ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಷ್ ಹಿಡಿದು ತೊಳೆಯುತ್ತಾರೆ. ಆಮೇಲೆ ಡಿಸಿ ಸಪ್ಲೈ ಕೊಟ್ಟು ಮೀಟರ್ ನೋಡುತ್ತಾರೆ. ಪವರ್ ಬಟನ್ ಒತ್ತುವ ಮೊದಲೇ ಬೋರ್ಡ್ ಕರೆಂಟ್ ಎಳೆಯುತ್ತಿದ್ದರೆ ಎಲ್ಲೋ ಶಾರ್ಟ್ ಆಗಿದೆ ಎಂದರ್ಥ. ಎಲ್ಲಿ ಎಂದು ಹುಡುಕಬೇಕು. ನೂರಾರು ಕೆಪಾಸಿಟರ್‌ಗಳಲ್ಲಿ ಒಂದೊಂದೂ ಸಾಸಿವೆಗಿಂತ ಚಿಕ್ಕದು. ಆಗ ರೋಸಿನ್ ಕಾಯಿಸಿ ಅದರ ಹೊಗೆಯನ್ನು ಬೋರ್ಡಿಗೆ ಹಿಡಿಸುತ್ತಾರೆ. ಬೋರ್ಡ್ ಬೂದಿ ಬಳಿದಂತೆ ಬೆಳ್ಳಗಾಗುತ್ತದೆ. ಶಾರ್ಟ್ ಆದ ಲೈನಿಗೆ ಕಡಿಮೆ ವೋಲ್ಟೇಜ್ ಬಿಟ್ಟರೆ ಕೆಟ್ಟ ಕೆಪಾಸಿಟರ್ ಕಾದು, ಅದರ ಮೇಲಿನ ರೋಸಿನ್ ಮಾತ್ರ ಕರಗಿ ಕಪ್ಪು ಚುಕ್ಕೆ ಮೂಡುತ್ತದೆ. ಮೈಕ್ರೊಸ್ಕೋಪಿನ ಕೆಳಗೆ ಅದೊಂದನ್ನು ಕಿತ್ತು, ಸತ್ತ ಫೋನಿನ ಬೋರ್ಡಿನಿಂದ ಅಂಥದೇ ಒಂದನ್ನು ತೆಗೆದು ಕೂರಿಸಿದರೆ ಎಷ್ಟೋ ಸಲ ಫೋನು ಎದ್ದು ಕೂರುತ್ತದೆ. ಅಧಿಕೃತ ಸರ್ವೀಸ್ ಸೆಂಟರ್‌ಗಳಲ್ಲಿ ಇಷ್ಟು ಒಳಗೆ ಸಾಮಾನ್ಯವಾಗಿ ಇಳಿಯುವುದಿಲ್ಲ, ಇಡೀ ಬೋರ್ಡನ್ನೇ ಬದಲಿಸುತ್ತಾರೆ. ಬೋರ್ಡ್ ಬದಲಾದರೆ ಅದರಲ್ಲಿದ್ದ ಫೋಟೊಗಳೂ ಹೋದಂತೆ.

ಇಷ್ಟೆಲ್ಲ ಮಾಡುವವರಿಗೆ ಕಂಪನಿಗಳು ಸರ್ಕ್ಯೂಟ್ ನಕ್ಷೆ ಕೊಡುವುದಿಲ್ಲ. ಬೋರ್ನಿಯೊ, ಜೆಡ್‌ಎಕ್ಸ್‌ಡಬ್ಲ್ಯುನಂಥ ಸಾಫ್ಟ್‌ವೇರ್‌ಗಳಿಗೆ ಕೈಯಿಂದ ದುಡ್ಡು ಕಟ್ಟಿ ನಕ್ಷೆ ನೋಡಬೇಕು. ಉಳಿದದ್ದು ಒಬ್ಬರ ಪಕ್ಕದಲ್ಲಿ ಇನ್ನೊಬ್ಬರು ಕೂತು ಕಲಿತದ್ದು. ಬೆಂಗಳೂರಿನ ಎಸ್‌.ಪಿ. ರಸ್ತೆ, ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್‌ಗಳು ಬಿಡಿಭಾಗಕ್ಕೆ ಎಷ್ಟು ಹೆಸರುವಾಸಿಯೋ ಈ ಬಗೆಯ ಕಲಿಕೆಗೂ ಅಷ್ಟೇ. ಯಾವ ಪ್ರಮಾಣಪತ್ರವೂ ಇಲ್ಲದ ಈ ವಿದ್ಯೆಗೆ ನಾವು ಕೊಡುವ ಮರ್ಯಾದೆ ತೀರಾ ಕಡಿಮೆ.

ಕಸುಬು ಗೊತ್ತಿದ್ದರೂ ಕೈಕಟ್ಟುವ ಬೀಗಗಳು ಬಂದಿವೆ. ಐಫೋನಿನ ಬಿಡಿಭಾಗಗಳು ಅದೇ ಫೋನಿನ ಬೋರ್ಡಿಗೆ ಸಾಫ್ಟ್‌ವೇರ್‌ನಲ್ಲಿ ಜೋಡಿಯಾಗಿರುತ್ತವೆ. ಒಂದು ಐಫೋನಿನ ಅಸಲಿ ಡಿಸ್‌ಪ್ಲೇಯನ್ನೇ ಇನ್ನೊಂದಕ್ಕೆ ಹಾಕಿದರೂ ‘ಈ ಭಾಗ ಗೊತ್ತಿಲ್ಲ’ ಎಂಬ ಎಚ್ಚರಿಕೆ ಬರುತ್ತಿತ್ತು. ರಿಪೇರಿಯ ಪರ ಕೆಲಸ ಮಾಡುವ ಐಫಿಕ್ಸಿಟ್ ಸಂಸ್ಥೆ ಇದೇ ಕಾರಣಕ್ಕೆ 2023ರಲ್ಲಿ ಐಫೋನ್ 14ರ ರಿಪೇರಿ ಸುಲಭತೆಯ ಅಂಕವನ್ನು 7ರಿಂದ 4ಕ್ಕೆ ಇಳಿಸಿತು. ಆಮೇಲೆ ಆ್ಯಪಲ್ ಬಳಸಿದ ಅಸಲಿ ಭಾಗಗಳ ವಿಷಯದಲ್ಲಿ ಸ್ವಲ್ಪ ಸಡಿಲಿಸಿದೆ.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು 2022ರ ಜುಲೈನಲ್ಲಿ ಸಮಿತಿ ಮಾಡಿತು, ಅದೇ ವರ್ಷ ಡಿಸೆಂಬರ್ 24ರಂದು ಪೋರ್ಟಲ್ ತೆರೆಯಿತು. ಫೋನು ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆ ಎಂದು ಅಂಕ ಕೊಡುವ ಸೂಚ್ಯಂಕದ ವರದಿ 2025ರ ಮೇನಲ್ಲಿ ಸಲ್ಲಿಕೆಯಾಯಿತು. ಯುರೋಪಿಯನ್ ಒಕ್ಕೂಟ ಇದಕ್ಕಿಂತ ಮುಂದೆ ಹೋಗಿದೆ. 2025ರ ಜೂನ್ 20ರಿಂದ ಅಲ್ಲಿನ ನಿಯಮದಂತೆ, ಮಾದರಿಯ ಮಾರಾಟ ನಿಂತ ಮೇಲೂ 7 ವರ್ಷ ಮುಖ್ಯ ಬಿಡಿಭಾಗಗಳನ್ನು ಕಂಪನಿಯ ಹೊರಗಿನ ವೃತ್ತಿಪರ ರಿಪೇರಿಯವರಿಗೂ ಒದಗಿಸಬೇಕು. ನಮಗೆ ಬೇಕಾದದ್ದು ಇದೇ. ಪೋರ್ಟಲ್‌ನಲ್ಲಿ ಸರ್ವೀಸ್ ಸೆಂಟರ್ ವಿಳಾಸ ಸಿಕ್ಕರೆ ತಾಲ್ಲೂಕು ಬಸ್‌ಸ್ಟ್ಯಾಂಡ್ ಎದುರಿನ ಅಂಗಡಿಯವನಿಗೆ ಆಗುವುದೇನು? ಅಸಲಿ ಭಾಗ ಅವನ ಕೈಗೆ ನ್ಯಾಯವಾದ ಬೆಲೆಗೆ ಬರುವವರೆಗೆ ಕಾಪಿ ಮಾಲಿನ ಮಾರುಕಟ್ಟೆ ನಡೆದೇ ನಡೆಯುತ್ತದೆ.

ರಿಪೇರಿಯಾದ ಫೋನುಗಳಲ್ಲಿ ಕೆಲವು ಅದೇ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೂರುತ್ತವೆ. ಇಲ್ಲಿ ಕೊಳ್ಳುವವರ ಭಯ ಒಂದೇ: ಕದ್ದ ಮಾಲಾಗಿದ್ದರೆ? ಅದಕ್ಕೆ ದಾರಿಯಿದೆ. ಸ್ಟಾರ್-ಹ್ಯಾಷ್-06-ಹ್ಯಾಷ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಅದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ಹಾಕಿದರೆ, ಅಥವಾ ಕೆವೈಎಂ ಎಂದು ಇಂಗ್ಲಿಷಿನಲ್ಲಿ ಬರೆದು ಜಾಗ ಬಿಟ್ಟು ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ, ಫೋನು ಬ್ಲಾಕ್ ಆಗಿದೆಯೇ ಎಂಬುದು ತಿಳಿಯುತ್ತದೆ. ಕಳೆದ ಫೋನನ್ನು ಬ್ಲಾಕ್ ಮಾಡಿ ಪತ್ತೆ ಹಚ್ಚುವ ಸಿಇಐಆರ್ ವ್ಯವಸ್ಥೆ 2023ರ ಮೇನಲ್ಲಿ ದೇಶದಾದ್ಯಂತ ಬರುವ ಮೊದಲೇ ಕರ್ನಾಟಕದಲ್ಲಿ ಇತ್ತು. ಅದರಿಂದ ರಾಜ್ಯದ ಪೊಲೀಸರು 2,500ಕ್ಕೂ ಹೆಚ್ಚು ಫೋನುಗಳನ್ನು ಹುಡುಕಿದ್ದರು. ಐಎಂಇಐ ತಿದ್ದುವುದಕ್ಕೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಹಾಗಾಗಿ ಹಳೆ ಫೋನು ಕೊಳ್ಳುವಾಗ ಮಾಲೀಕರ ಗುರುತಿನ ಚೀಟಿಯ ನಕಲು, ಹಳೆ ಬಿಲ್ಲು ಕೇಳಿ ಇಟ್ಟುಕೊಳ್ಳುವ ಅಂಗಡಿಯವರನ್ನು ಕಂಡು ಮುಖ ಸಿಂಡರಿಸಬೇಕಿಲ್ಲ. ಅಂಥ ಅಂಗಡಿಯನ್ನೇ ಹುಡುಕಿಕೊಂಡು ಹೋಗಬೇಕು.

ಎಕ್ಸ್‌ಚೇಂಜ್‌ಗೆ ಕೊಡುವವರು ಬರೀ ಫಾರ್ಮ್ಯಾಟ್ ಹೊಡೆದರೆ ಸಾಲದು. ಸೆಟ್ಟಿಂಗ್ಸ್‌ಗೆ ಹೋಗಿ ಗೂಗಲ್ ಅಕೌಂಟ್ ತೆಗೆಯಬೇಕು, ಐಫೋನಾದರೆ ‘ಫೈಂಡ್ ಮೈ’ ಆಫ್ ಮಾಡಬೇಕು. ಇಲ್ಲದಿದ್ದರೆ ಕೊಂಡವರ ಕೈಯಲ್ಲಿ ಅದು ಲಾಕ್ ಆಗಿ ಕೂರುತ್ತದೆ. ರಿಪೇರಿಗೆ ಬಿಡುವಾಗ ಸಿಮ್ ಕಳಚಿಕೊಳ್ಳಿ. ಸ್ಯಾಮ್‌ಸಂಗ್, ಪಿಕ್ಸೆಲ್‌ನ ಇತ್ತೀಚಿನ ಫೋನುಗಳಲ್ಲಿ ಫೋಟೊ, ಮೆಸೇಜುಗಳನ್ನು ಮರೆಯಲ್ಲಿಡುವ ರಿಪೇರಿ ಮೋಡ್ ಇದೆ, ಅದನ್ನು ಹಾಕಿ ಕೊಡಿ.

ಬಿಲ್ಲಿನ ಮೇಲೆ ಹಾಕಿದ ಭಾಗದ ದರ್ಜೆ, ಐಎಂಇಐ, ವಾರಂಟಿಯ ದಿನ ಬರೆಸಿಕೊಳ್ಳಲು ಸಂಕೋಚ ಬೇಡ. ದುಡ್ಡು ಪಡೆದು ಮಾಡಿದ ರಿಪೇರಿ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ‘ಸೇವೆ’. ಮಾತು ತಪ್ಪಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲೇ ದೂರು ಹೇಳಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದರೆ, ಕೊಟ್ಟ ಹಣ 5 ಲಕ್ಷದೊಳಗಿದ್ದಲ್ಲಿ ಶುಲ್ಕವೂ ಇಲ್ಲ.